ಮಾಡೆಲ್‌ಗಳನ್ನ ನೋಡಿನೇ ಮಕ್ಕಳು ಊಟ ಬಿಡ್ತಾರಾ?

ನಾನು ಬಟ್ಟೆ ಪ್ಯಾಟರ್ನ್ ಕಟ್ ಮಾಡೋ ಕೆಲಸದಲ್ಲಿರೋಳು ಅಂತ ಗೊತ್ತಾದ ತಕ್ಷಣ ವಯಸ್ಸಿಗೆ ಬಂದ ಮಕ್ಕಳಿರೋರು ಕೇಳೋದು ಇದೇ, ಈ ಫ್ಯಾಷನ್‌ನವರನ್ನ ನೋಡಿ ನೋಡಿನೇ ಅಲ್ವಾ ನಮ್ಮ ಹುಡುಗಿ ಊಟ ಬಿಡ್ತಿರೋದು ಅಂತ. ಪೂರ್ತಿ ಹೌದು ಅನ್ನೋಕಾಗಲ್ಲ, ಹಾಗಂತ ನಮ್ಮ ಫೀಲ್ಡಿಗೆ ಕ್ಲೀನ್ ಚಿಟ್ ಕೊಡೋಕೂ ನಂಗೆ ಮನಸ್ಸಿಲ್ಲ.

ಮಾಡೆಲ್‌ಗಳು ಅಷ್ಟು ಸಣ್ಣ ಇರೋದಕ್ಕೆ ಸೌಂದರ್ಯ ಗಿಂದರ್ಯ ಅಂತ ದೊಡ್ಡ ಮಾತಾಡ್ತಾರೆ, ಅಸಲಿ ವಿಷ್ಯ ಸ್ಯಾಂಪಲ್ ಸೈಜು. ಶೋಗೆ ಮುಂಚೆನೇ ಪ್ರತಿ ಡಿಸೈನಿಗೂ ಒಂದೊಂದೇ ಪೀಸ್ ಹೊಲೀತಾರೆ, ಎಲ್ಲ ಒಂದೇ ಅಳತೆ, ಅಮೆರಿಕದ ಲೆಕ್ಕದಲ್ಲಿ ಸಾಮಾನ್ಯವಾಗಿ 0ರಿಂದ 4ರೊಳಗೆ, ಅಂದ್ರೆ ತೀರಾ ಸಣ್ಣದು, ಆಮೇಲೆ ಅದೇ ಪೀಸು ರ‍್ಯಾಂಪಿಗೂ ಹೋಗುತ್ತೆ ಮ್ಯಾಗಜೀನ್ ಶೂಟಿಗೂ ಹೋಗುತ್ತೆ, ಅದರೊಳಗೆ ಹಿಡಿಸೋರಿಗೆ ಕೆಲಸ. ಆಗ್ಲಿಲ್ವಾ, ಹೊಲಿಗೆ ಬಿಚ್ಚಲ್ಲ, ಹುಡುಗಿನೇ ಬದಲಾಯಿಸ್ತಾರೆ. ನಮ್ಮ ಅನುಕೂಲಕ್ಕೆ ಇಟ್ಕೊಂಡಿದ್ದ ಒಂದು ಅಳತೆ ಫೋಟೊದಲ್ಲಿ ಬಂದಾಗ 'ಹೀಗಿರ್ಬೇಕು' ಅಂತ ಆಗೋಯ್ತು.

2006ರಲ್ಲಿ ಉರುಗ್ವೆಯ ಮಾಡೆಲ್ ಲೂಯಿಸೆಲ್ ರಾಮೋಸ್, ಶೋ ನಡೀತಿರುವಾಗ್ಲೇ, ರ‍್ಯಾಂಪಿಂದ ಇಳಿದ ಸ್ವಲ್ಪ ಹೊತ್ತಿಗೇ ತೀರ್ಕೊಂಡ್ರು, ವಯಸ್ಸು 22. ಅದೇ ವರ್ಷ ಬ್ರೆಜಿಲ್‌ನ ಅನಾ ಕರೋಲಿನಾ ರೆಸ್ಟನ್, 21, ಅನೊರೆಕ್ಸಿಯಾ, ಅಂದ್ರೆ ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ. ಇವೆರಡರ ಮಧ್ಯೆ ಮ್ಯಾಡ್ರಿಡ್ ಶೋನವರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18ಕ್ಕಿಂತ ಕಮ್ಮಿ ಇರೋರು ಬೇಡ ಅಂದ್ರು, ಆಮೇಲೆ ಇಸ್ರೇಲ್ 2012ರಲ್ಲಿ ತೀರಾ ಸಣ್ಣ ಇರೋ ಮಾಡೆಲ್‌ಗಳನ್ನ ತಡೆಯೋ ಕಾನೂನು ಮಾಡ್ತು, 2017ರಿಂದ ಫ್ರಾನ್ಸಲ್ಲಿ ಮಾಡೆಲ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಜಾಹೀರಾತಲ್ಲಿ ಮೈ ತಿದ್ದಿದ್ರೆ ಫೋಟೊ ಮೇಲೆ ಹಾಗಂತ ಬರೀಬೇಕು. ಈ ಲೇಬಲ್ ಮೇಲೆ ನಂಗೆ ನಂಬಿಕೆ ಇಲ್ಲ, ಪರೀಕ್ಷೆ ಮಾಡಿ ನೋಡಿದವರಿಗೂ ಲೇಬಲ್ ಇದ್ರೂ ಬೇಜಾರು ಅಷ್ಟೇ ಇರೋದು ಕಂಡಿದೆ (ತಿದ್ದಿದ್ದು ಅಂತ ಗೊತ್ತಿದ್ರೂ ಕಣ್ಣು ಹೋಲಿಸೋದು ಬಿಡುತ್ತಾ). ಅದಕ್ಕಿಂತ ಅದೇ ವರ್ಷ ದೊಡ್ಡ ದೊಡ್ಡ ಫ್ಯಾಷನ್ ಬ್ರ್ಯಾಂಡುಗಳನ್ನ ನಡೆಸೋ ಎಲ್‌ವಿಎಂಎಚ್ ಮತ್ತೆ ಕೆರಿಂಗ್ ಗುಂಪಿನವರು ಹೆಂಗಸರ ಫ್ರೆಂಚ್ ಸೈಜ್ 32ನ್ನ, ಅಂದ್ರೆ ತೀರಾ ಸಣ್ಣ ಅಳತೆನ, ಕೈಬಿಡ್ತೀವಿ ಅಂದಿದ್ದು ಮೇಲು, ಅಳತೆಗೇ ಕೈ ಹಾಕಿದ್ರು.

ಇನ್ನು 'ಪೂರ್ತಿ ಅಲ್ಲ' ಅಂದಿದ್ದು ಯಾಕೆ ಅಂದ್ರೆ ಅದೇ ಫೋಟೊ ಎಲ್ರೂ ನೋಡ್ತಾರೆ, ಕಾಯಿಲೆ ಬೀಳೋರು ಕೆಲವರು. ಅವಳಿ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ವಂಶದ ಪಾಲೂ ಕಾಣುತ್ತೆ. ಒಂದ್ಸಲ ಡಯಟ್ ಶುರುವಾದ್ಮೇಲೆ ಹಸಿವೇ ತಲೆ ಕೆಡಿಸುತ್ತೆ. ಮಿನ್ನೆಸೋಟದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಗಟ್ಟಿಮುಟ್ಟಾಗಿದ್ದ 36 ಗಂಡಸರಿಗೆ ಆರು ತಿಂಗಳ ಹತ್ರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ರು, ಬರಬರ್ತಾ ಅವರಿಗೆ ಊಟದ್ದೇ ಧ್ಯಾನ, ಅಡುಗೆ ಪುಸ್ತಕ ಕೂಡಿಡೋದು, ತಟ್ಟೆ ಮುಂದೆ ಗಂಟೆಗಟ್ಟಲೆ ಕೂರೋದು, ಯಾರ ಜೊತೆಗೂ ಬೆರೀದೇ ಇರೋದು. ಅವ್ರೇನು ಮಾಡೆಲ್ ನೋಡಿ ಹಸ್ಕೊಂಡಿದ್ದಲ್ಲ.

ಹುಡುಗರ ಅಪ್ಪ ಅಮ್ಮ ಮಾತ್ರ ಈ ಪ್ರಶ್ನೆ ಕೇಳೋದೇ ಇಲ್ಲ, ಅಲ್ಲಿ ಭುಜ, ಸಿಕ್ಸ್ ಪ್ಯಾಕ್, ಆಮೇಲೆ ಸ್ಟೆರಾಯ್ಡ್.

ಸೋ ಫೋನ್ ಕಿತ್ಕೊಂಡು ಜಗಳ ಆಡೋದಕ್ಕಿಂತ ಬೇರೆ ನೋಡಿ: ಮುಟ್ಟು ನಿಂತಿದೆಯಾ, ತಲೆ ಸುತ್ತುತ್ತಾ, ಒಬ್ಳೇ ಕೂತು ತಿನ್ನೋಕೆ ಶುರು ಮಾಡಿದಾಳಾ, ಊಟ ಆದ ಕೂಡ್ಲೇ ಬಾತ್‌ರೂಮಿಗೆ ಹೋಗ್ತಾಳಾ. ಇದ್ರಲ್ಲಿ ಒಂದಿದ್ರೂ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ, ತೂಕ ನಾರ್ಮಲ್ ಇದೆಯಲ್ಲ ಅಂತ ಸುಮ್ನಾಗ್ಬೇಡಿ, ತಿಂದು ವಾಂತಿ ಮಾಡೋರ ತೂಕ ಎಷ್ಟೋ ಸಲ ನಾರ್ಮಲ್ಲೇ ಇರುತ್ತೆ.