ದೇವರಿಲ್ಲ ಅಂತೀರಿ, ಸಾವಿನ ಹೆದರಿಕೆ ಇಲ್ವಾ?

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಚಾ ಕುಡಿಯುವಾಗ, ಮದುವೆ ಊಟದ ಸಾಲಿನಲ್ಲಿ, ಈ ಪ್ರಶ್ನೆ ನನಗೆ ಎದುರಾಗುತ್ತಲೇ ಇರುತ್ತದೆ. "ದೇವರು, ಮೇಲಿನ ಲೋಕ ಎಂತದೂ ಇಲ್ಲ ಅಂತೀರಿ. ಹಾಗಾದ್ರೆ ಸಾಯ್ಲಿಕ್ಕೆ ಹೆದರಿಕೆ ಆಗುದಿಲ್ವಾ?"

ಆಗುತ್ತದೆ. ಆದರೆ ಸತ್ತ ಮೇಲಿನದ್ದಲ್ಲ, ಸಾಯುವವರೆಗಿನದ್ದು. ಅಪ್ಪನ ಕೊನೆಯ ದಿನಗಳನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಮೂಗಿಗೊಂದು ನಳಿಗೆ, ಕೈಗೊಂದು ಸೂಜಿ. ಒಂದು ಬೀಡಿ ಕೊಡು ಅಂತ ಕಣ್ಣಲ್ಲೇ ಕೇಳುತ್ತಿದ್ದರು. ಹೆದರಿಕೆ ಅಂದರೆ ನನಗೆ ನೆನಪಾಗುವುದು ಅದು. ಅಪ್ಪ ದಿನಕ್ಕೆರಡು ಸಲ ದೇವರಿಗೆ ಕೈಮುಗಿಯುತ್ತಿದ್ದವರು. ಅವರಿಗೂ ಹೆದರಿಕೆ ಇತ್ತು.

ಸತ್ತ ಮೇಲಿನದ್ದಕ್ಕೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳಿದ ಮಾತು ನನಗೆ ಸಾಕು. 1776ರಲ್ಲಿ ಆತ ಸಾಯುವ ಸ್ಥಿತಿಯಲ್ಲಿದ್ದಾಗ ಪರಿಚಯದ ಲೇಖಕ ಬಾಸ್‌ವೆಲ್ ನೋಡಲು ಹೋಗಿ ಇದೇ ಪ್ರಶ್ನೆ ಕೇಳಿದ. ಹುಟ್ಟುವ ಮೊದಲು ನಾನು ಇರಲಿಲ್ಲ, ಅದಕ್ಕೆ ಬೇಜಾರಿಲ್ಲ, ಇನ್ನು ಮುಂದೆ ಇರುವುದಿಲ್ಲ ಅನ್ನುವುದಕ್ಕೂ ಇಲ್ಲ ಎಂಬ ಅರ್ಥದಲ್ಲಿ ಹ್ಯೂಮ್ ಉತ್ತರಿಸಿದ. ತಳಮಳವಾದದ್ದು ಕೇಳಲು ಹೋದವನಿಗೆ!

ಇನ್ನೊಂದು ಪ್ರಶ್ನೆ ಇದರ ಬಾಲ ಹಿಡಿದೇ ಬರುತ್ತದೆ. "ಮತ್ತೆ ಆಟಿಯಲ್ಲಿ ಕುಲೆಗಳಿಗೆ ಬಡಿಸುವಾಗ ನೀವೂ ಇರ್ತೀರಲ್ಲ?"

ಇರ್ತೇನೆ. ಆಟಿ ಅಂದರೆ ನಮ್ಮ ತುಳುವರ ಮಳೆಗಾಲದ ಒಂದು ತಿಂಗಳು, ಕುಲೆ ಅಂದರೆ ಸತ್ತವರ ಆತ್ಮ. ಮಲಯಾಳ ಮಾತಾಡುವ ನೆರೆಮನೆಯವರು ಕರ್ಕಟಕ ಅಮಾವಾಸ್ಯೆಗೆ ಬೇಕಲದ ಹತ್ತಿರ ತೃಕ್ಕನ್ನಾಡಿನ ಕಡಲ ಬದಿಗೆ ವಾವುಬಲಿಗೆ, ಅಂದರೆ ಸತ್ತ ಹಿರಿಯರಿಗೆ ಪಿಂಡ ಇಡಲಿಕ್ಕೆ, ಹೋಗುತ್ತಾರೆ. ನಮ್ಮದು ಮನೆಯೊಳಗೆ. ಒಳಕೋಣೆಯಲ್ಲಿ ಬಾಳೆಲೆ ಹಾಕಿ ಅನ್ನ, ಕೋಳಿ, ಮೀನು ಬಡಿಸುತ್ತೇವೆ. ಅಪ್ಪನ ಎಲೆಯ ಪಕ್ಕ ಅಮ್ಮ ಎರಡು ಬೀಡಿ, ಬೆಂಕಿಪೊಟ್ಟಣ ಇಡುತ್ತಾಳೆ. ಆಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಬಡಿದು ತೆರೆಯುವುದು ನನ್ನ ಕೆಲಸ. ಕಾರಣ ಇಷ್ಟೇ, ಮನೆಯಲ್ಲಿ ಹೆದರದವನು ನಾನೊಬ್ಬ.

ಕಾಲೇಜಿನ ದಿನಗಳಲ್ಲಿ ಅಜ್ಜನಿಗೆ ಬಡಿಸುವಾಗ ಅಮ್ಮನಿಗೆ, ದೇವರು ಪರಲೋಕ ಒಪ್ಪದ ಹಳೇ ಕಾಲದ ಚಾರ್ವಾಕರ ಕುಹಕ ಒಂದನ್ನು ಹೇಳಿದ್ದೆ. 14ನೇ ಶತಮಾನದ ಸರ್ವದರ್ಶನ ಸಂಗ್ರಹ ಎಂಬ ಸಂಸ್ಕೃತ ಗ್ರಂಥದಲ್ಲಿ ಅದು ಇದೆ. ಶ್ರಾದ್ಧದ ಊಟ ಸತ್ತವರಿಗೆ ಮುಟ್ಟುವುದಾದರೆ, ಪ್ರಯಾಣ ಹೋಗುವವರಿಗೆ ಬುತ್ತಿ ಯಾಕೆ ಕಟ್ಟಬೇಕು? ಮನೆಯಲ್ಲೇ ಬಡಿಸಿದರೆ ಸಾಕಲ್ವಾ?

ಅಮ್ಮ ಮೀನಿನ ಚಟ್ಟಿಯಿಂದ ತಲೆ ಎತ್ತಲಿಲ್ಲ. "ಅವರು ತಿನ್ನುದಿಲ್ಲ ಅಂತ ನಂಗೂ ಗೊತ್ತುಂಟು ಮಗಾ. ಹಾಗಂತ ಬಡಿಸದೆ ಇರ್ಲಿಕ್ಕೆ ಆಗ್ತದಾ?"

ಚಾರ್ವಾಕರ ಲೆಕ್ಕ ಇವತ್ತಿಗೂ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅಮ್ಮ ಲೆಕ್ಕ ಮಾಡುತ್ತಿರಲಿಲ್ಲ. ಬಾಗಿಲು ತೆರೆದಾಗ ಅನ್ನ ಹಾಗೇ ಇರುತ್ತದೆ. ಬೀಡಿಯೂ ಹಾಗೇ. ಎಲ್ಲರಿಗಿಂತ ಮೊದಲು ಅದನ್ನು ನೋಡುವವನು ನಾನು. ಒಂದು ಕ್ಷಣ ಗಂಟಲು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಅದು ನಂಬಿಕೆ ಅಲ್ಲ. ಅಪ್ಪ ಇಲ್ಲ ಅನ್ನುವುದು ವರ್ಷಕ್ಕೊಮ್ಮೆ ಹೊಸದಾಗಿ ತಿಳಿಯುವುದು, ಅಷ್ಟೇ.

ಸತ್ತ ಮೇಲೆ ನನ್ನ ದೇಹ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ಕೇರಳದ ತಿರುವಲ್ಲದಲ್ಲಿ ಹುಟ್ಟಿದ ವಿಚಾರವಾದಿ ಅಬ್ರಹಾಂ ಕೋವೂರ್ 1978ರಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡರು. ಕಣ್ಣು, ದೇಹ ಎರಡನ್ನೂ ದಾನಕ್ಕೆ ಬರೆದಿಟ್ಟಿದ್ದರು. ನಾನೂ ಹಾಗೇ ಬರೆದಿದ್ದೇನೆ. ಆದರೆ ಸಹಿ ಹಾಕಿದರೆ ಮುಗಿಯಲಿಲ್ಲ. ಕಣ್ಣನ್ನು ಸಾಮಾನ್ಯವಾಗಿ ಸತ್ತ 6 ಗಂಟೆಯೊಳಗೆ ತೆಗೆಯಬೇಕು, ಆಗ ಫೋನ್ ಮಾಡಬೇಕಾದವರು ಮನೆಯವರು. ಅದಕ್ಕೆ ಕಾಗದವನ್ನು ಊಟದ ಮೇಜಿನ ಮೇಲಿಟ್ಟು ಎಲ್ಲರಿಗೂ ಓದಿ ಹೇಳಿದೆ.

ಅಮ್ಮ ಕೇಳಿದಳು, "ಕಣ್ಣು ಕೊಟ್ರೆ ಮತ್ತೆ ಆಟಿಯಲ್ಲಿ ನಿಂಗೆ ಎಲೆ ಕಾಣುದು ಹೇಗೆ?"

"ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡ್ಲಿಕ್ಕೆ ಹೇಳು," ಅಂದೆ. "ವಾಸನೆ ಹಿಡ್ಕೊಂಡು ಬರ್ತೇನೆ."