ದಿನವಿಡೀ ಸೂಜಿ ಹಿಡಿಯೋಳು ಕತ್ತಿಗೆ ಸೂಜಿ ಚುಚ್ಚಿಸ್ಕೊಂಡ ದಿನ

ಮಕಾಡೆ ಮಲಗಿ, ಮಂಚದ ತಲೆ ಹತ್ರ ಇರೋ ತೂತಿಗೆ ಮುಖ ಇಟ್ಕೊಳ್ಳಿ ಅಂದ್ರು ಡಾಕ್ಟ್ರು ಮೇಡಂ. ಆ ತೂತಿನಿಂದ ನಂಗೆ ಕಾಣ್ತಿದ್ದಿದ್ದು ನೆಲದ ಒಂದು ಟೈಲ್ಸು, ಅದ್ರ ಮೂಲೇಲಿ ಒಂದು ಬಿರುಕು, ಮೇಡಂ ಚಪ್ಪಲಿ, ಅಷ್ಟೆ. ತಲೆಬುರುಡೆ ಮುಗಿದು ಕತ್ತು ಶುರುವಾಗೋ ಜಾಗದಲ್ಲಿ ಎರಡು ಕಡೆ ಸಣ್ಣ ಹಳ್ಳ ಇರುತ್ತಲ್ಲ, ಅಲ್ಲಿ ಬೆರಳಿಟ್ಟು ಒತ್ತಿದ್ರು ನೋಡಿ, ಕಣ್ಣಲ್ಲಿ ನೀರು ಬಂದ್ಬಿಡ್ತು. "ಇಲ್ಲೇನಾ?" ಅಂದ್ರು. ಇಲ್ಲೇ. ಎಂಟು ವರ್ಷದಿಂದ ಇಲ್ಲೇ. ಈ ಕತ್ತು ನೋವಿಗೇ ಅಕ್ಯುಪಂಕ್ಚರ್, ಅಂದ್ರೆ ಸೂಜಿ ಚಿಕಿತ್ಸೆ ಮಾಡಿಸ್ಕೊಳ್ಳೋಕೆ ಬಂದಿದ್ದೆ.

ನಾನು ಕೋಲಾರದಲ್ಲಿ ಬ್ಲೌಸ್ ಹೊಲಿಯೋಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇದೆ ಅಂದ್ರೆ ಬೆಳಿಗ್ಗೆ ಏಳಕ್ಕೆ ಕೂತ್ರೆ ಏಳೋದು ರಾತ್ರಿ ಹನ್ನೊಂದಕ್ಕೆ, ಮೆಷಿನ್ ಕೆಲ್ಸ ಆದ್ರೂ ಪರ್ವಾಗಿಲ್ಲ, ಈ ಉಕ್ಸು ಹಾಕೋದು, ಹೆಮ್ಮಿಂಗು, ಸೆರಗಿಗೆ ಕುಚ್ಚು ಕಟ್ಟೋದು ಇದೆಯಲ್ಲ, ಗಲ್ಲ ಎದೆಗೆ ತಾಗೋಷ್ಟು ಬಗ್ಬೇಕು. ನಮ್ಮ ತಲೆ ತೂಕಾನೇ ಹತ್ತಿರ ಹತ್ತಿರ ಐದು ಕೆಜಿ ಅಂತೆ. ಅದನ್ನ ದಿನಾ ಹತ್ತು ಹನ್ನೆರಡು ಗಂಟೆ ಮುಂದಕ್ಕೆ ತೂಗುಹಾಕ್ಕೊಂಡು ಕೂತ್ರೆ ಹಿಂದಿನ ಸ್ನಾಯುಗಳು ಹಿಡ್ಕೊಂಡೇ ಇರ್ಬೇಕು, ಬಿಡೋ ಹಾಗಿಲ್ಲ. ಕೊನೆಗೆ ಅವು ಬಿಡೋದನ್ನೇ ಮರ್ತುಬಿಡುತ್ವೆ. ನೋವಿನ ಮಾತ್ರೆ ನುಂಗಿದೆ, ಬಾಮ್ ಹಚ್ಚಿದೆ, ಕಾಲರ್ ಹಾಕ್ಕೊಂಡೆ, ಹಬ್ಬದ ಸೀಸನ್ ಬಂದ್ರೆ ಮತ್ತೆ ಅದೇ.

ಹೋದ ವರ್ಷ ಯಾರದೋ ಮಾತು ಕೇಳಿ ಒಂದು ಕಡೆ ಕಪ್ಪಿಂಗ್‌ಗೆ ಅಂತ ಹೋಗಿದ್ದೆ. ಸ್ಪಿರಿಟಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ಗಾಜಿನ ಲೋಟದೊಳಗೆ ಆಡ್ಸಿ ಬೆನ್ನಿಗೆ ಅಂಟಿಸ್ತಾರೆ, ಒಳಗಿನ ಗಾಳಿ ತಣ್ಣಗಾಗ್ತಾ ಚರ್ಮವನ್ನ ಮೇಲಕ್ಕೆ ಎಳ್ಕೊಳ್ಳುತ್ತೆ, ಅದು ಸರಿಯಾದ ವಿಧಾನಾನೇ, ಆದ್ರೆ ಆ ಮನುಷ್ಯ ಲೋಟದ ಅಂಚು ಕಾದಿರೋದನ್ನ ನೋಡ್ಲೇ ಇಲ್ಲ. ಬಲಗಡೆ ಭುಜದ ಮೇಲೆ ಬೊಬ್ಬೆ ಎದ್ದು, ಕಲೆ ಇವತ್ತಿಗೂ ಇದೆ. ನಂಗೆ ಸುಟ್ಟಿದ್ದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದಕ್ಕೆ. ಆತ ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ. ಎಲ್ಲಿ ನೋವು ಅಂತ್ಲೂ ಸರಿಯಾಗಿ ಕೇಳ್ದೆ ದುಡ್ಡಿಸ್ಕೊಂಡ.

ಈ ಮೇಡಂ ಬಿಎನ್‌ವೈಎಸ್ ಓದಿರೋರು, ಪ್ರಕೃತಿ ಚಿಕಿತ್ಸೆ ಡಾಕ್ಟ್ರು. ಸೂಜಿ ಮುಟ್ಟೋಕೆ ಮುಂಚೆ ಅರ್ಧ ಗಂಟೆ ಬರೀ ಕೇಳಿದ್ರು. ಶುಗರ್ ಇದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ತಲೆ ಸುತ್ತಿ ಬೀಳೋ ಅಭ್ಯಾಸ ಇದೆಯಾ, ತಿಂಡಿ ತಿಂದ್ಕೊಂಡು ಬಂದ್ರಾ, ಬೆರಳು ಜೋಮು ಹಿಡಿಯುತ್ತಾ. ಎಕ್ಸ್‌ರೇನ ಕಿಟಕಿ ಬೆಳಕಿಗೆ ಹಿಡಿದು ಕತ್ತಿನ ಐದು ಮತ್ತು ಆರನೇ ಮೂಳೆ ಮಧ್ಯೆ ಸಂದು ಕಮ್ಮಿಯಾಗಿರೋದನ್ನ ತೋರ್ಸಿದ್ರು. ನನ್ನ ಕೈ ಹಿಡಿದು ಗಟ್ಟಿಯಾಗಿ ಅಮುಕಿ ಅಂದ್ರು, ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಇಟ್ಟು ನಡೆಸಿ ನೋಡಿದ್ರು. "ಹಿಡಿತ ಸಡಿಲ ಆಗಿದ್ರೆ, ನಡೆಯೋವಾಗ ತೂರಾಡಿದ್ರೆ ನಾನು ಮಾಡ್ತಿರ್ಲಿಲ್ಲಮ್ಮ, ನರದ ಡಾಕ್ಟ್ರ ಹತ್ರ ಕಳಿಸ್ತಿದ್ದೆ" ಅಂದ್ರು. ನಂಗೆ ಅಲ್ಲೇ ಅರ್ಧ ಧೈರ್ಯ ಬಂತು.

ಸೂಜಿ ಬಗ್ಗೆ ನಾನು ಹೇಳ್ಲೇಬೇಕು, ಯಾಕಂದ್ರೆ ಸೂಜಿ ನಂಗೆ ಗೊತ್ತಿರೋ ವಸ್ತು. ಪ್ಯಾಕೆಟ್ ನನ್ನೆದುರೇ ಹರಿದ್ರು, ಒಂದ್ಸಲ ಬಳಸಿ ಬಿಸಾಡೋದು. ದಪ್ಪ ಕಾಲು ಮಿಲಿಮೀಟರ್ ಅಷ್ಟೆ, ನನ್ನ ಕೈಹೊಲಿಗೆ ಸೂಜಿ ಪಕ್ಕ ಇಟ್ರೆ ಕೂದಲು ಅನ್ಬೇಕು, ಬೆರಳಿಂದ ಒತ್ತಿದ್ರೆ ಬಾಗುತ್ತೆ. ಇಂಜೆಕ್ಷನ್ ಸೂಜಿ ಥರ ಟೊಳ್ಳಲ್ಲ. ಆ ಎರಡು ಹಳ್ಳಕ್ಕೆ ಒಂದೊಂದು, ಭುಜದ ಮೇಲೆ ಎರಡು, ಅಲ್ಲಿ ಮಾತ್ರ ತುಂಬಾ ಮೇಲ್ಮೇಲೆ ಓರೆಯಾಗಿ ಹಾಕಿದ್ರು, ಕೆಳಗೆ ಶ್ವಾಸಕೋಶ ಇರುತ್ತೆ, ಆಳಕ್ಕೆ ಹೋದ್ರೆ ಅಪಾಯ ಅಂತ. ಕೈಯಲ್ಲಿ ಹೆಬ್ಬೆರಳು ತೋರುಬೆರಳ ಮಧ್ಯದ ಮಾಂಸಕ್ಕೂ ಒಂದು. ಚುಚ್ಚಿದಾಗ ಇರುವೆ ಕಚ್ಚಿದಷ್ಟೂ ಇಲ್ಲ, ಆಮೇಲೆ ಆ ಜಾಗದಲ್ಲಿ ಒಂದು ಥರ ಭಾರ, ಒಳಗೊಳಗೇ ಮಂದವಾಗಿ ಹರಡ್ಕೊಂಡು ಹೋಗೋ ನೋವು, ಆ ಭಾರ ಬರ್ಬೇಕು ಅಂತಾನೇ ಅವ್ರು ಕಾಯೋದಂತೆ. ಇಪ್ಪತ್ತೈದು ನಿಮಿಷ ಹಾಗೇ ಬಿಟ್ರು. ಹೊರಗೆ ರೋಡಲ್ಲಿ ಟೊಮೆಟೊ ಲಾರಿಗಳು ಹಾರ್ನ್ ಹೊಡೀತಿದ್ವು, ನಾನು ಟೈಲ್ಸ್ ಬಿರುಕು ನೋಡ್ತಾ ನೋಡ್ತಾ ನಿದ್ದೆ ಹೋಗ್ಬಿಟ್ಟಿದ್ದೆ.

ಆಮೇಲೆ ಕಪ್ಪಿಂಗ್. ಬೆಂಕಿ ಕಂಡ್ರೆ ನಂಗೆ ಭಯ ಅಂತ ಮೊದ್ಲೇ ಹೇಳಿದ್ದೆ, ಅದಕ್ಕೆ ಪಂಪಿಂದ ಗಾಳಿ ಎಳೆಯೋ ಐದು ಪ್ಲಾಸ್ಟಿಕ್ ಕಪ್ಪು ಹಾಕಿದ್ರು, ಏಳೇ ನಿಮಿಷ. ಕತ್ತಿಂದ ಬೆನ್ನಿಗೆ ಇಳಿಯೋ ಸ್ನಾಯುವನ್ನ ಯಾರೋ ಚಿವುಟಿ ಮೇಲಕ್ಕೆತ್ತಿ ಹಿಡ್ಕೊಂಡ ಹಾಗೆ. ತೆಗೆದಾಗ ಬಂದ ನಿಟ್ಟುಸಿರು ನಂದೇನಾ ಅನ್ನಿಸ್ತು.

ಮನೇಲಿ ಬಟ್ಟೆ ಬದಲಾಯಿಸ್ತಿದ್ದಾಗ ನಮ್ಮತ್ತೆ ನೋಡ್ಬಿಟ್ರು. ನೇರಳೆ ಹಣ್ಣಿನ ಬಣ್ಣದ ಐದು ದುಂಡು ಗುರ್ತು. ಗಾಬರಿಗೆ ಅವ್ರ ಬಾಯಲ್ಲಿ ತೆಲುಗೇ ಬಂತು, "ಎವರು ಕೊಟ್ಟಿನಾರಮ್ಮಾ ನಿನ್ನು?" ಯಾರೂ ಹೊಡೆದಿಲ್ಲ ಅತ್ತೆ, ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದು ಹಂಗಾಗುತ್ತೆ, ವಾರ ಹತ್ತು ದಿನದಲ್ಲಿ ಹೋಗುತ್ತೆ ಅಂತ ಹೇಳಿ, 2016ರ ರಿಯೋ ಒಲಿಂಪಿಕ್ಸಲ್ಲಿ ಈಜುಗಾರ ಫೆಲ್ಪ್ಸ್ ಮೈಮೇಲೆ ಇದೇ ಗುರ್ತಿದ್ದ ಫೋಟೋನೂ ತೋರಿಸ್ದೆ. ಅವ್ರು ಫೋಟೋ ನೋಡ್ಲಿಲ್ಲ, ಗುರ್ತನ್ನೇ ಬೆರಳಲ್ಲಿ ಸವರ್ತಾ, "ಓ, ಕೊಂಬು ಹಾಕೋದು ಇದು" ಅಂದ್ರು. ಅವ್ರು ಚಿಕ್ಕೋರಾಗಿದ್ದಾಗ ಊರಿಗೆ ಒಬ್ಬಮ್ಮ ಬರ್ತಿದ್ರಂತೆ, ಹಸುವಿನ ಕೊಂಬು ನೋವಿರೋ ಕಡೆ ಇಟ್ಟು, ತುದಿಯ ತೂತಿಂದ ಬಾಯಲ್ಲಿ ಗಾಳಿ ಎಳೆದು ಮೇಣ ಮೆತ್ತಿಬಿಡ್ತಿದ್ರಂತೆ. ಇದನ್ನ ಮೇಡಂಗೆ ಹೇಳಿದ್ರೆ ಅವ್ರಿಗೆ ತುಂಬಾ ಖುಷಿ, ರಕ್ತ ತೆಗೆಯೋಕೆ ಕೊಂಬು, ಸೋರೆಬುರುಡೆ, ಜಿಗಣೆ ಬಳಸೋದನ್ನ ಸುಶ್ರುತನೇ ಬರೆದಿದ್ದಾನೆ ಅಂದ್ರು.

ಗುಣ ಆಯ್ತಾ ಅಂತ ಎಲ್ರೂ ಕೇಳ್ತಾರೆ. ಮಾರನೇ ದಿನ ಕತ್ತು ಇನ್ನೂ ಮೈಕೈ ನೋವಿನ ಥರ ಇತ್ತು, ಮೂರನೇ ದಿನ ಹಾಲು ಕಾಯಿಸ್ತಾ ಎಡಕ್ಕೆ ತಿರುಗಿ ನೋಡಿದೆ, ಬರೀ ಕತ್ತು ತಿರುಗಿಸಿ, ಮೈಯೆಲ್ಲಾ ತಿರುಗಿಸ್ದೆ. ಸ್ಟವ್ ಹತ್ರ ಹಾಗೇ ನಿಂತ್ಬಿಟ್ಟೆ. ಆರು ಸಿಟ್ಟಿಂಗ್ ಆದ್ಮೇಲೆ ನೋವು ಅರ್ಧಕ್ಕಿಂತ ಕಮ್ಮಿ, ಪೂರ್ತಿ ಹೋಗಿಲ್ಲ. ಮಗಳು ಓದಿ ಹೇಳಿದ್ಲು, ಇಂಗ್ಲೆಂಡಲ್ಲಿ ಬಹಳ ದಿನದ ಕತ್ತು ನೋವಿರೋ 517 ಜನರ ಮೇಲೆ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟ ಮಾಡಿದ್ರಂತೆ, ಮಾಮೂಲಿ ಚಿಕಿತ್ಸೆ ಮಾತ್ರ ತಗೊಂಡೋರಿಗಿಂತ ಜೊತೆಗೆ ಅಕ್ಯುಪಂಕ್ಚರ್ ಮಾಡಿಸ್ಕೊಂಡೋರಿಗೆ ವರ್ಷ ಆದ್ಮೇಲೂ ನೋವು ಕಮ್ಮಿ ಇತ್ತಂತೆ. ಸುಮ್ನೆ ಚುಚ್ಚಿದ ಹಾಗೆ ಮಾಡೋ ಸುಳ್ಳು ಸೂಜಿ ಹಾಕಿದ್ರೂ ಕೆಲವರಿಗೆ ಸ್ವಲ್ಪ ಕಮ್ಮಿಯಾಗುತ್ತೆ, ಕಪ್ಪಿಂಗ್‌ಗಂತೂ ಅಷ್ಟು ಗಟ್ಟಿ ಪುರಾವೆ ಇಲ್ಲ, ಇದನ್ನ ಮೇಡಮ್ಮೇ ಹೇಳಿದ್ದು. ಅದನ್ನ ಮುಚ್ಚಿಡದೆ ಹೇಳಿದ್ದಕ್ಕೇ ಅವ್ರ ಮೇಲೆ ನಂಗೆ ನಂಬಿಕೆ ಜಾಸ್ತಿ. ಸೂಜಿ ನೋವು ಇಳಿಸುತ್ತೆ, ಆ ಸಮಯದಲ್ಲಿ ನೀವು ಗಲ್ಲ ಹಿಂದಕ್ಕೆಳೆಯೋ ವ್ಯಾಯಾಮ ಮಾಡ್ಬೇಕು, ಕೂರೋ ರೀತಿ ಬದಲಾಯಿಸ್ಬೇಕು ಅಂದ್ರು.

ಮೆಷಿನ್ ಟೇಬಲ್ ಕಾಲಿಗೆಲ್ಲಾ ಇಟ್ಟಿಗೆ ಇಟ್ಟು ಎತ್ತರ ಮಾಡಿದೀವಿ, ಕುರ್ಚಿಗೂ ಒಂದು ದಿಂಬು. ಕುಚ್ಚು ಕಟ್ಟೋವಾಗ ಸೀರೆನ ಎದೆ ಎತ್ತರಕ್ಕೆ ಗೋಡೆ ಮೊಳೆಗೆ ನೇತುಹಾಕ್ಕೊಂಡು ನಿಂತೇ ಕಟ್ತೀನಿ, ಅರ್ಧ ಗಂಟೆಗೊಂದ್ಸಲ ಅತ್ತೆ ಒಳಗಿಂದ ಕೂಗಿ ಎಬ್ಬಿಸ್ತಾರೆ. ದಿನಾ ಬೆಳಿಗ್ಗೆ ನನ್ನ ಬೆನ್ನು ನೋಡಿ ಗುರ್ತು ಎಣಿಸೋದೂ ಅವ್ರೇ. ಕೊನೇ ಸಲದ್ದು ಇವತ್ತಿಗೆ ಎರಡು ಉಳಿದಿದೆ, ಅರಿಶಿನದ ಬಣ್ಣಕ್ಕೆ ತಿರುಗಿದೆ ಅಂದ್ರು.