ಜಡ್ಡಿಯ ಹಳ್ಳ: ಮೂರನೇ ವರ್ಷದ ಲೆಕ್ಕ

ಹೊಸದಾಗಿ ಓದುವವರಿಗೆ ಮೊದಲು ಒಂದು ಮಾತು. ಸಿದ್ದಾಪುರ ತಾಲೂಕಿನ ನಮ್ಮ ಊರಲ್ಲಿ ಎರಡು ಹಳ್ಳಗಳಿವೆ. ಒಂದು ರಾಮಪತ್ರೆ ಜಡ್ಡಿಯಿಂದ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳಿರುವ ಜೌಗು ಕಾಡಿನಿಂದ, ಇಳಿದು ಬರುತ್ತದೆ, ಇನ್ನೊಂದು ಅಕೇಶಿಯಾ ನೆಟ್ಟ ಗುಡ್ಡದಿಂದ. ಪ್ರತಿ ಭಾನುವಾರ ಎರಡರ ನೀರನ್ನೂ ಅಳೆಯುತ್ತೇನೆ. ಅಡಕೆ ದಬ್ಬೆ (ಸೀಳಿದ ಅಡಕೆ ಮರ) ಇಟ್ಟು ನೀರು ಒಂದೇ ಕಡೆ ಬೀಳುವ ಹಾಗೆ ಮಾಡಿ, 15 ಲೀಟರಿನ ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಬೇಕು ಅಂತ ನೋಡುವುದು, ಅಷ್ಟೇ. ಮಳೆಗಾಲದಲ್ಲಿ ಬಕೆಟ್ ನಿಲ್ಲುವುದಿಲ್ಲ. ಆಗ ಬಂಡೆಯ ಮೇಲಿನ ಗೆರೆ ನೋಡಿ ಬರೆದುಕೊಳ್ಳುತ್ತೇನೆ.

ಮೇ ಕೊನೆ

ಅಕೇಶಿಯಾ ಹಳ್ಳ ಈ ಸಲವೂ ಫೆಬ್ರವರಿಯಲ್ಲೇ ಬತ್ತಿತು. ಜಡ್ಡಿಯ ಹಳ್ಳದಲ್ಲಿ ಮೇ ಕೊನೆಗೂ 48 ಸೆಕೆಂಡಿಗೆ ಬಕೆಟ್ ತುಂಬಿತು. ಎರಡು ಗುಡ್ಡಗಳ ನಡುವೆ ಒಂದು ಮೈಲಿಯೂ ಇಲ್ಲ. ಬೀಳುವ ಮಳೆ ಒಂದೇ. ಹಾಗಾದರೆ ವ್ಯತ್ಯಾಸ ನೆಲದಲ್ಲೇ ಇರಬೇಕು, ಅಲ್ವಾ? ಜಡ್ಡಿಯ ದರಕಿನೊಳಗೆ, ಅಂದರೆ ಉದುರಿದ ಎಲೆಯ ರಾಶಿಯೊಳಗೆ, ಕೈ ಹಾಕಿ ನೋಡಿದೆ. ಮಣಿಕಟ್ಟಿನವರೆಗೂ ಸಲೀಸಾಗಿ ಇಳಿಯಿತು. ಕಪ್ಪು ಮಣ್ಣು, ತಣ್ಣಗೆ, ಹಿಂಡಿದರೆ ನೀರು. ಸುತ್ತ ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುವ ಬೇರುಗಳು. ನೀರು ನಿಂತ ಜಾಗದಲ್ಲಿ ಈ ಮರಗಳು ಉಸಿರಾಡುವುದು ಆ ಬೇರುಗಳಿಂದಲೇ. ಆ ಕಡೆ ಗುಡ್ಡದಲ್ಲೂ ಒಣ ಎಲೆ ದಪ್ಪಗೇ ಬಿದ್ದಿದೆ. ಆದರೆ ಅದನ್ನು ಸರಿಸಿದರೆ ಕೆಳಗೆ ಗಟ್ಟಿ ಕೆಂಪು ನೆಲ, ಬೆರಳೂ ಇಳಿಯುವುದಿಲ್ಲ.

ಆರಿದ್ರಾ ಮಳೆ

ಮಳೆಮಾಪಕದ ಆಲಿಕೆಯಲ್ಲಿ ಎಲೆ ಕಟ್ಟಿಕೊಂಡಿತ್ತು. ಗೊತ್ತಾಗುವಷ್ಟರಲ್ಲಿ ಒಂಬತ್ತು ದಿನದ ಅಳತೆ ಹೋಯಿತು. ಆ ಸಾಲುಗಳನ್ನು ಹಾಗೇ ಖಾಲಿ ಬಿಟ್ಟಿದ್ದೇನೆ. ಅಂದಾಜಿನ ಅಂಕಿ ತುಂಬಿದರೆ ಮೂರು ವರ್ಷದ ಕೆಲಸವೇ ಹಾಳು. ಈಗ ಮೇಲೆ ಬಲೆ ಕಟ್ಟಿದ್ದೇನೆ.

ಪುನರ್ವಸು

ಈ ವರ್ಷದ ನನ್ನ ದೊಡ್ಡ ಖುಷಿ ಇದು. ರಾತ್ರಿ ಒಂಬತ್ತರ ಮೇಲೆ ಜಡ್ಡಿಯ ಹಳ್ಳದಲ್ಲಿ ಕುಂಬಾರ ಕಪ್ಪೆ ಸಿಕ್ಕಿತು. ನಮ್ಮದೇ ತಾಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ ಈ ಕಪ್ಪೆಗೆ ವಿಜ್ಞಾನಿಗಳು ಹೆಸರಿಟ್ಟಿದ್ದು 2014ರಲ್ಲಿ. ನೀರಿನ ಮೇಲೆ ಬಾಗಿದ ಕಡ್ಡಿಯಲ್ಲಿ ಮೊಟ್ಟೆಗಳಿದ್ದವು. ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿತು. ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗೆ ಮೆತ್ತಿತು. ಮತ್ತೆ ಇಳಿಯಿತು, ಮತ್ತೆ ಬಾಚಿತು. ಗೋಡೆಗೆ ಮಣ್ಣು ಸಾರಿಸುವವರ ಕೈ ಹೇಗೆ ಆಡುತ್ತದೋ ಹಾಗೆಯೇ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ. ಮಳೆಯಲ್ಲಿ ಮುಕ್ಕಾಲು ಗಂಟೆ ಕದಲದೆ ಕುಳಿತಿದ್ದೆ.

ಆಮೇಲೆ ಮಳೆ ಆರು ದಿನ ಬಿಟ್ಟಿತು. ಪುನರ್ವಸುವಿನಲ್ಲಿ ಆರು ದಿನ ಬಿಸಿಲು! ಏಳನೇ ದಿನ ಹೋಗಿ ನೋಡಿದರೆ ಕಡ್ಡಿಯ ಮೇಲಿನ ಮಣ್ಣು ಬಿರುಕು ಬಿಟ್ಟಿತ್ತು. ಕೆಳಗಿನ ನೆರಳಲ್ಲಿದ್ದ ಇನ್ನೊಂದು ಗುಂಪು ಮಾತ್ರ ಒದ್ದೆಯಾಗೇ ಇತ್ತು. ವರ್ಷದ ಒಟ್ಟು ಮಳೆ ನೋಡಿದರೆ ಇದು ಕಾಣುವುದೇ ಇಲ್ಲ. ಅದಕ್ಕೇ ಇನ್ನು ಮುಂದೆ ಎಷ್ಟು ಮಿಲಿಮೀಟರ್ ಅನ್ನುವುದರ ಜೊತೆಗೆ ನಡುವೆ ಎಷ್ಟು ದಿನ ಬಿಟ್ಟಿತು ಅನ್ನುವುದಕ್ಕೂ ಒಂದು ಕಾಲಂ ಹಾಕಿದ್ದೇನೆ. ಜಗತ್ತಿನ ಕಪ್ಪೆ, ನೆಲಗಪ್ಪೆಗಳಂಥ ಉಭಯಚರಗಳಲ್ಲಿ ಶೇ. 41ರಷ್ಟು ಅಳಿವಿನ ಅಂಚಿನಲ್ಲಿವೆ ಅಂತ 2023ರ ಲೆಕ್ಕ ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಬಿರುಕು ಬಿಟ್ಟ ಮಣ್ಣು.

ಪುಷ್ಯ

ರಾಮಪತ್ರೆ ಬೀಜ ಜಾಸ್ತಿ ದಿನ ಬಾಳುವುದಿಲ್ಲ. ಒಣಗಿದರೆ ಮುಗಿಯಿತು. ಬಿದ್ದ ಕೂಡಲೇ ಆರಿಸಿ, ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆ ಬಿಡಿಸಿ, ಒದ್ದೆ ಮರಳಿಗೆ ಹಾಕಿದ್ದೆ. ಅರವತ್ತರಲ್ಲಿ ಇಪ್ಪತ್ತೆರಡು ಮೊಳಕೆ ಬಂದಿವೆ. ಅವನ್ನು ಅಕೇಶಿಯಾ ಹಳ್ಳದ ತಲೆಯಲ್ಲಿ, ಸ್ವಲ್ಪವಾದರೂ ಕೆಸರು ನಿಲ್ಲುವ ತಗ್ಗಿನಲ್ಲಿ ನೆಡಬೇಕು. ಪಕ್ಕದ ತೋಟದವರು ಒಪ್ಪಿದ್ದಾರೆ. ದನ ಬರದ ಹಾಗೆ ಬೇಲಿಯ ಕೆಲಸ ಈ ಭಾನುವಾರ, ನೀರು ಅಳೆದಾದ ಮೇಲೆ.